ಜಪಾನಿನ ನರಿ ಮುಖವಾಡ, ತನುಕಿ ಗೊಂಬೆ: ನಮ್ಮ ಕಡೆ ಸಿಗುವ ಸಾಮಾನಿನಲ್ಲಿ ಮಾಡುವುದು ಹೇಗೆ?

ಬಣ್ಣದ ಬುಟ್ಟಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲಾ ಶಿಕ್ಷಕಿ. ಏಪ್ರಿಲ್ ಕೊನೆಯ ವಾರ ಮಾಳಮಡ್ಡಿಯಲ್ಲಿ ಮಕ್ಕಳ ಬೇಸಿಗೆ ಶಿಬಿರ ಇದೆ. 11ರಿಂದ 13 ವರ್ಷದ 24 ಮಕ್ಕಳು. ಎರಡು ದಿನಕ್ಕೊಂದರಂತೆ ನಾಲ್ಕು ತರಗತಿ, ಒಂದೊಂದು ಎರಡೂವರೆ ತಾಸು. ಈ ಸಲದ ವಿಷಯ ಜಪಾನಿನ ಜನಪದದಲ್ಲಿ ರೂಪ ಬದಲಿಸುವ ಪ್ರಾಣಿಗಳು. ಪ್ರತಿ ಮಗುವೂ ಕಾಗದದ ನರಿ ಮುಖವಾಡ ಮಾಡಬೇಕು, ಗುಂಪಿಗೊಂದು ತನುಕಿ (ನಾಯಿಯ ಜಾತಿಯ, ಜಪಾನಿನ ಒಂದು ಕಾಡುಪ್ರಾಣಿ) ಗೊಂಬೆ ಆಗಬೇಕು, ಕೊನೆಯ ದಿನ ಹತ್ತು ನಿಮಿಷದ ಆಟ ಆಡಬೇಕು.

ಗೊತ್ತಿದ್ದವರು ಈ ವಿಷಯಗಳನ್ನು ತಿಳಿಸಿ. ನರಿ ಮತ್ತು ತನುಕಿ ಎರಡೂ ವೇಷ ಬದಲಿಸುತ್ತವೆ ಅಂದಮೇಲೆ ಅವುಗಳ ನಡುವೆ ವ್ಯತ್ಯಾಸ ಏನು? ಗುಡಿಯ ಮುಂದಿನ ಬಿಳಿ ನರಿಯನ್ನೂ ಮೋಸ ಮಾಡುವ ನರಿಯನ್ನೂ ಒಂದೇ ಮುಖವಾಡದಲ್ಲಿ ತೋರಿಸಬಹುದೇ? ಮುಖವಾಡಕ್ಕೆ ಎಷ್ಟು ಪದರ, ಯಾವ ಅಂಟು, ಮೇಲಿನ ಬಿಳಿ ಲೇಪಕ್ಕೆ ಇಲ್ಲಿ ಏನು ಬಳಸಬೇಕು? ತನುಕಿಗೆ ಭಟ್ಟಿ ಇಲ್ಲದೆ ದಾರಿ ಇದೆಯೇ?

ನರಿಬಾಲ (ಹುಬ್ಬಳ್ಳಿ)

ಮೊದಲು ಪ್ರಾಣಿಯ ಗುರುತು ಸರಿಮಾಡಿಕೊಳ್ಳೋಣ, ಮಕ್ಕಳ ಚಿತ್ರ ತಪ್ಪುವುದು ಅಲ್ಲೇ. ಜಪಾನಿನವರು ಕಿತ್ಸುನೆ ಎನ್ನುವುದು ಕೆಂಪು ನರಿಗೆ. ನಮ್ಮ ಗದಗ, ಹಾವೇರಿ ಕಡೆಯ ಬಯಲಿನಲ್ಲಿ ಕಾಣುವ ಸಣ್ಣ ನರಿಯ ಬಾಲದ ತುದಿ ಕಪ್ಪು. ಕೆಂಪು ನರಿಯ ಬಾಲದ ತುದಿ ಬಿಳಿ, ಕಾಲುಗಳು ಕಪ್ಪು, ಮೂತಿ ಚೂಪು. ತನುಕಿಯೂ ನಾಯಿಯ ಕುಟುಂಬದ ಪ್ರಾಣಿಯೇ. ಆದರೆ ಅಂತರ್ಜಾಲದಲ್ಲಿ ಹುಡುಕಿದರೆ ಅಮೆರಿಕದ ರಕೂನ್ ಚಿತ್ರಗಳೇ ಮುಂದೆ ಬರುತ್ತವೆ, ಮಕ್ಕಳು ಅದನ್ನೇ ನೋಡಿ ಬರೆಯುತ್ತಾರೆ. ರಕೂನ್ ಬಾಲದ ಮೇಲೆ ಸುತ್ತುಪಟ್ಟೆ ಇರುತ್ತದೆ, ತನುಕಿಗೆ ಇಲ್ಲ. ರಕೂನ್ ಕಣ್ಣಿನ ಕಪ್ಪು ಮೂಗಿನ ಮೇಲೆ ಹಾದು ಒಂದಾಗಿರುತ್ತದೆ, ತನುಕಿಯ ಎರಡು ಕಪ್ಪು ಮಚ್ಚೆಗಳು ಬೇರೆಬೇರೆ ಇರುತ್ತವೆ.

ಅಲ್ಲಿನ ಜನರಿಗೇ ಈ ಗೊಂದಲ ಇತ್ತು. ಕೆಲವು ಕಡೆ ತನುಕಿಯನ್ನೂ ಬ್ಯಾಡ್ಜರ್ ಎಂಬ ಬಿಲಕರಡಿಯಂಥ ಇನ್ನೊಂದು ಪ್ರಾಣಿಯನ್ನೂ 'ಮುಜಿನಾ' ಎಂದೇ ಕರೆಯುತ್ತಿದ್ದರು. ತೊಚಿಗಿ ಪ್ರಾಂತ್ಯದ ಒಬ್ಬ ಬೇಟೆಗಾರನ ಮೇಲೆ ನಿಷೇಧದ ಅವಧಿಯಲ್ಲಿ ತನುಕಿ ಹಿಡಿದ ಆರೋಪ ಬಂತು. ತಾನು ಹಿಡಿದದ್ದು ಮುಜಿನಾ, ಅದು ತನುಕಿ ಅಲ್ಲ ಎಂದು ಅವನು ವಾದಿಸಿದ. ಪ್ರಕರಣ ಅಲ್ಲಿನ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ, 1925ರಲ್ಲಿ ಅವನು ನಿರ್ದೋಷಿ ಎಂದು ತೀರ್ಪಾಯಿತು.

ಇನ್ನು ನರಿಯ ಕಥೆ. ಇದರಲ್ಲಿ ಎರಡು ವಂಶ ಇವೆ ಎಂದಿಟ್ಟುಕೊಳ್ಳಿ. ಒಂದು, ಇನಾರಿ ದೇವರ ದೂತರಾದ ಬಿಳಿ ನರಿಗಳು. ಇನಾರಿ ಭತ್ತದ ಬೆಳೆಯನ್ನೂ ವ್ಯಾಪಾರವನ್ನೂ ಕಾಯುವ ದೇವರು. ಮೂಲಪೀಠ ಕ್ಯೋಟೋದ ಫುಶಿಮಿ ಇನಾರಿ, ಸ್ಥಾಪನೆ ಕ್ರಿ.ಶ. 711 ಎಂದು ಪರಂಪರೆ ಹೇಳುತ್ತದೆ. ಅಲ್ಲಿ ಕೆಂಪು ಕಮಾನುಗಳ ಸಾಲಿನ ನಡುವೆ ನರಿಗಳು ಜೋಡಿಯಾಗಿ ಕೂತಿರುತ್ತವೆ. ಬಾಯಲ್ಲಿ ಭತ್ತದ ತೆನೆ, ಸುರುಳಿ, ಕಣಜದ ಕೀಲಿಕೈ ಅಥವಾ ಮಣಿ, ಈ ನಾಲ್ಕರಲ್ಲಿ ಒಂದು ಇರುತ್ತದೆ. ನರಿ ದೇವರಲ್ಲ, ದೇವರ ದೂತ. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಇನ್ನೊಂದು, ಕಾಡುಮೇಡಿನ ನರಿ. ವೇಷ ಹಾಕುವುದು, ದಾರಿ ತಪ್ಪಿಸುವುದು ಇದರ ಕೆಲಸ. ತಲೆಯ ಮೇಲೆ ಎಲೆ ಇಟ್ಟುಕೊಂಡು ರೂಪ ಬದಲಿಸುತ್ತದೆ. ಗುಟ್ಟು ಬಯಲಾಗುವುದು ಸಾಮಾನ್ಯವಾಗಿ ಮೂರು ರೀತಿಯಲ್ಲಿ: ಸೀರೆ ಸೆರಗಿನಂತೆ ಇಳಿಬಿಟ್ಟ ಉಡುಪಿನಡಿ ಬಾಲ ಇಣುಕುತ್ತದೆ, ನೀರಿನಲ್ಲಿ ನಿಜರೂಪದ ನೆರಳು ಬೀಳುತ್ತದೆ, ಇಲ್ಲವೇ ನಾಯಿ ಗುರುತು ಹಿಡಿದು ಬೊಗಳುತ್ತದೆ. ಈ ಮೂರೂ ಆಟಕ್ಕೆ ಒಳ್ಳೆಯ ಸಾಮಗ್ರಿ, ಖರ್ಚೂ ಇಲ್ಲ.

ಎಲ್ಲಾ ವೇಷದ ನರಿಗಳೂ ಕೆಡುಕು ಮಾಡುವುದಿಲ್ಲ. ಕುಜುನೊಹಾ ಎಂಬ ನರಿ ತನ್ನ ಪ್ರಾಣ ಉಳಿಸಿದವನನ್ನು ಹೆಣ್ಣುರೂಪದಲ್ಲಿ ಮದುವೆಯಾಗುತ್ತಾಳೆ, ಮಗು ಹುಟ್ಟುತ್ತದೆ, ಗುಟ್ಟು ಬಯಲಾದ ದಿನ ಕಾಗದದ ಬಾಗಿಲ ಮೇಲೆ ಒಂದು ಪದ್ಯ ಬರೆದಿಟ್ಟು ಶಿನೋದಾ ಕಾಡಿಗೆ ಮರಳುತ್ತಾಳೆ. ಆ ಮಗುವೇ ಮುಂದೆ ಪ್ರಸಿದ್ಧ ಜ್ಯೋತಿಷಿ ಆಬೆ ನೊ ಸೆಯ್‌ಮೆಯ್ ಎಂದು ಐತಿಹ್ಯ. ಇದಕ್ಕೆ ವಿರುದ್ಧ ತುದಿಯಲ್ಲಿ ತಮಾಮೊ ನೊ ಮಾಯೆ ಇದ್ದಾಳೆ. ಒಂಬತ್ತು ಬಾಲದ ನರಿ, ಅರಮನೆ ಸೇರಿ ಟೋಬಾ ಚಕ್ರವರ್ತಿಯನ್ನು ಕಾಯಿಲೆಗೆ ಬೀಳಿಸಿದವಳು. ಅವಳು ಸತ್ತು ವಿಷದ ಕಲ್ಲಾದಳು ಎನ್ನುತ್ತಾರೆ. ನಾಸುವಿನ ಆ ಕಲ್ಲು 2022ರ ಮಾರ್ಚ್‌ನಲ್ಲಿ ಎರಡು ಹೋಳಾಗಿ ಸುದ್ದಿಯಾಗಿತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಅಭಿಪ್ರಾಯ: ಎರಡನ್ನೂ ಕಲಸಬೇಡಿ. ಬಿಳಿ ಮುಖ, ಕೆಂಪು ಗೆರೆ, ಬಂಗಾರದ ಕಣ್ಣು ದೂತನರಿಗೆ. ವೇಷದ ನರಿಗೆ ಕಂದು ಮುಖ ಮತ್ತು ತಲೆಯ ಮೇಲೆ ಎಲೆ. ಹನ್ನೆರಡು ಮಕ್ಕಳಿಗೆ ಅದು, ಹನ್ನೆರಡು ಮಕ್ಕಳಿಗೆ ಇದು ಹಂಚಿ.

ತನುಕಿಯ ಸ್ವಭಾವ ಬೇರೆ. ನರಿ ಒಂದು ಗುರಿ ಇಟ್ಟುಕೊಂಡು ವೇಷ ಹಾಕುತ್ತದೆ, ತನುಕಿ ಚೇಷ್ಟೆಗಾಗಿ ಹಾಕುತ್ತದೆ. ನರಿಗೆ ಏಳು ವೇಷ, ತನುಕಿಗೆ ಎಂಟು ಎಂಬ ಗಾದೆಯೇ ಅಲ್ಲಿದೆ. ಬೆಳದಿಂಗಳಲ್ಲಿ ಹೊಟ್ಟೆ ಬಡಿದು ಡೋಲು ಮಾಡುತ್ತದೆ. ನರಿ ಸಾಮಾನ್ಯವಾಗಿ ಮನುಷ್ಯರೂಪಕ್ಕೆ ಹೋದರೆ ತನುಕಿ ಚಹಾ ಕಾಯಿಸುವ ಕಬ್ಬಿಣದ ಪಾತ್ರೆಯೂ ಆಗಬಲ್ಲದು. ಗುನ್ಮಾ ಪ್ರಾಂತ್ಯದ ತತೆಬಯಾಶಿಯ ಮೊರಿಂಜಿ ಗುಡಿಗೆ ಸೇರಿದ ಆ ಕಥೆಯಲ್ಲಿ ಪಾತ್ರೆಯನ್ನು ಒಲೆಯ ಮೇಲಿಟ್ಟ ಕೂಡಲೇ ಕೈಕಾಲು ಬಾಲ ಮೂಡಿ ಅದು ಚೀರುತ್ತಾ ಓಡುತ್ತದೆ. ಹತ್ತು ನಿಮಿಷದ ಆಟಕ್ಕೆ ನನ್ನ ಮೊದಲ ಆಯ್ಕೆ ಇದೇ.

ಗದಗಿನ ಗೊಂಬಿ (ಗದಗ)

ಅಕ್ಕಾರ, ಮುಖವಾಡದ್ದು ನಾ ಹೇಳ್ತೇನ್ರಿ. ಜಪಾನದಾಗ ಈ ಕೆಲಸಕ್ಕ ಹರಿಕೊ ಅಂತಾರ. ಕಟಗಿ ಅಚ್ಚಿನ ಮ್ಯಾಲ ಕಾಗದದ ಪದರ ಹಚ್ಚಿ, ಒಣಗಿದ ಮ್ಯಾಲ ಸೀಳಿ ಅಚ್ಚು ತಗದು, ಆ ಸೀಳನ್ನ ಮತ್ತ ಕಾಗದದಿಂದ ಮುಚ್ಚತಾರ. ತಕಾಸಾಕಿಯ ದರುಮಾ ಅನ್ನೋ ದುಂಡನ ಗೊಂಬಿ, ಐಜುವಿನ ತಲಿ ಅಲ್ಲಾಡಸೋ ಕೆಂಪು ದನ ಮೂಲದಾಗ ಹಿಂಗ ಆಗಿದ್ದವು. ಮುಖವಾಡಕ್ಕ ಹಿಂಬದಿ ತೆರದೇ ಇರ್ತೈತಿ, ಹಂಗಾಗಿ ಸೀಳೋ ಕೆಲಸ ಇಲ್ಲ.

ಅಚ್ಚಿಗೆ ಗಣಪತಿ ಮಾಡೋ ಮಣ್ಣ ಸಾಕು. ಒಣಗಾಕ ಎರಡು ದಿನ ಬೇಕಾಗೂದರಿಂದ ಒಂದು ಅಚ್ಚು ಇಬ್ಬರಿಗೆ ಆಗೂದಿಲ್ಲ, 24 ಮಕ್ಕಳಿಗೆ 24 ಅಚ್ಚು ಬೇಕು. ಪೂರಾ ಮಣ್ಣಿಂದ ಮಾಡಿದ್ರ ಒಂದಕ್ಕ ಒಂದೂಮುಕ್ಕಾಲು ಕಿಲೊ ಹಿಡೀತೈತಿ. ಒಳಗ ರದ್ದಿ ಪೇಪರಿನ ಉಂಡಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಟ್ಟು ಮ್ಯಾಲ ಮಣ್ಣ ಮೆತ್ತಿದ್ರ ಒಂದರಿಂದ ಒಂದೂಕಾಲು ಕಿಲೊ ಸಾಕು. ಒಟ್ಟ 30 ಕಿಲೊ ತರಸ್ರಿ. ಕೆಳಗ ಒಂದು ಫೂಟಿನ ಪ್ಲೈವುಡ್ ತುಂಡು ಇಲ್ಲಾ ದಪ್ಪ ರಟ್ಟು.

ಅಳತಿ: ಹಣಿಯಿಂದ ಗದ್ದದ ತನಕ 20 ಸೆಂ.ಮೀ., ಅಗಲ 15, ಗಲ್ಲದ ಹತ್ರ ಎತ್ತರ 6. ಮೂತಿ ಅದರ ಮ್ಯಾಲ ಇನ್ನೂ 4 ಸೆಂ.ಮೀ. ಮುಂದ ಬರಬೇಕು. ಮಕ್ಕಳು ಮೂತಿ ಮಾಡಾಕ ಅಂಜತಾರ, ಚಪ್ಪಟ ಬಿಡತಾರ. ಚಪ್ಪಟ ಆದ್ರ ಅದು ಬೆಕ್ಕಾಗ್ತೈತಿ, ಮ್ಯಾಲ ಎಷ್ಟ ಬಣ್ಣ ಬಡದ್ರೂ ನರಿ ಆಗೂದಿಲ್ಲ. ಹಣಿಯಿಂದ ಮೂಗಿನ ತುದಿ ತನಕ ಒಂದ ಓರಿ ಗೆರಿ ಇಳೀಬೇಕು, ತುದಿಯೊಳಗ ಅಗಲ 2 ಸೆಂ.ಮೀ. ಮೀರಬಾರದು. ಕಣ್ಣಿನ ತಗ್ಗು ಅರ್ಧ ಸೆಂ.ಮೀ.ಗಿಂತ ಆಳ ಬ್ಯಾಡ. ಗಲ್ಲದ ಕೆಳಗ ಒಳಗ ಸರದ ಜಾಗ ಇದ್ರ ಮುಖವಾಡ ಅಚ್ಚಿನಿಂದ ಏಳೂದಿಲ್ಲ, ಜಗ್ಗಿದ್ರ ಹರೀತೈತಿ. ಕಿವಿ ಮಣ್ಣಾಗ ಮಾಡಬ್ಯಾಡ್ರಿ.

ಅಚ್ಚಿನ ಮ್ಯಾಲ ತೆಳು ಪ್ಲಾಸ್ಟಿಕ್ ಹಾಳಿ ಹೊಚ್ಚಿ ಒತ್ತರಿ. ಅದರ ನಿರಿಗಿ ಮುಖವಾಡದ ಒಳಗ ಮೂಡ್ತಾವು, ಹೊರಗ ಕಾಣೂದಿಲ್ಲ.

ಅಂಟು: ಮೈದಾ 1 ಪಾಲು, ನೀರು 6 ಪಾಲು, ತೂಕದ ಲೆಕ್ಕ. ಮೊದಲು ತಣ್ಣೀರಾಗ ಗಂಟಿಲ್ಲದಂಗ ಕಲಿಸಿ, ಆಮ್ಯಾಲ ಸಣ್ಣ ಉರಿಯೊಳಗ ಕೈ ಬಿಡದಂಗ ತಿರುವರಿ. ಬಿಳಿ ಹೋಗಿ ಗಾಜಿನ ಬಣ್ಣಕ್ಕ ತಿರುಗಿದ ಮ್ಯಾಲ ಎರಡು ನಿಮಿಷ ಬಿಟ್ಟು ಇಳಸ್ರಿ. ಬೇಯದ ಮೈದಾ ಹಿಡಿತ ಕೊಡೂದಿಲ್ಲ, ಒಣಗಿದ ಮ್ಯಾಲ ಪದರ ಬಿಚ್ಚಿಕೊಳ್ತೈತಿ. ಒಂದ ತರಗತಿಗೆ ಕಾಲ ಕಿಲೊ ಮೈದಾ, ಒಂದೂವರಿ ಲೀಟರ್ ನೀರು ಸಾಕು. ಬ್ಯಾಸಗಿಯೊಳಗ ಮರುದಿನಕ್ಕ ಹುಳಿ ಬರ್ತೈತಿ, ಆಯಾ ದಿನ ಹೊಸದು ಕಾಯಸ್ರಿ. ಬೈಂಡಿಂಗ್ ಅಂಗಡ್ಯಾಗ ಹುಳ ಹತ್ತಬಾರದು ಅಂತ ಅಂಟಿಗೆ ಮೈಲುತುತ್ತ ಹಾಕ್ತಾರ. ಅದು ವಿಷ, ಮಕ್ಕಳ ಕೈಗೆ ಕೊಡಬ್ಯಾಡ್ರಿ. ಬದಲಿಗೆ ಒಂದ ಲೀಟರಿಗೆ ಒಂದ ಚಮಚ ಪಟಕದ ಪುಡಿ ಹಾಕ್ರಿ.

ಕಾಗದ ಹರೀಬೇಕು, ಕತ್ತರಿ ಹಚ್ಚಬಾರದು. ಹರದ ಅಂಚು ತೆಳ್ಳಗ ಇರ್ತೈತಿ, ಒಂದರಾಗ ಒಂದು ಸೇರ್ತೈತಿ. ಕತ್ತರಸಿದ ಅಂಚು ಬಿಳಿ ಲೇಪದ ಕೆಳಗಿಂದನೂ ಗೆರಿಗೆರಿ ಕಾಣತೈತಿ. ತುಂಡು 3-4 ಸೆಂ.ಮೀ., ಮೂತಿ ಸುತ್ತ ಒಂದೂವರಿ ಸೆಂ.ಮೀ. ಅಗಲದ ಪಟ್ಟಿ. ಮೊದಲ ಪದರ ಬರೇ ನೀರಾಗ ಎದ್ದಿ ಕೂಡಸ್ರಿ. ಎರಡನೇದರಿಂದ ಎರಡೂ ಬದಿ ಅಂಟು ಸವರಿ, ಬೆರಳಿಂದ ಗಾಳಿ ಹೊರಗ ಒತ್ತಿ. ಒಂದ ಪದರ ಪೇಪರು, ಒಂದ ಪದರ ಖಾಕಿ ಕಾಗದ ಹಿಂಗ ಅದಲಬದಲ ಮಾಡಿದ್ರ ಎಲ್ಲಿ ಬಿಟ್ಟೈತಿ ಅಂತ ಮಕ್ಕಳಿಗೆ ತಾನ ಕಾಣತೈತಿ. ಅಂಚು 2 ಸೆಂ.ಮೀ. ಹಲಗಿ ಮ್ಯಾಲ ಇಳೀಲಿ, ಆಮ್ಯಾಲ ಕತ್ತರಸಬಹುದು. 24ಕ್ಕ ಎಲ್ಲಾ ಸೇರಿ ಒಂದ ಕಿಲೊ ರದ್ದಿ ಸಾಕಾಗ್ತೈತಿ.

ಒಟ್ಟು ಏಳು ಪದರ. ಮೊದಲ ತರಗತಿಯೊಳಗ ನಾಲ್ಕು, ಎರಡನೇದರಾಗ ಕಿವಿ ಕೂಡಿಸಿ ಮೂರು. ಏಳೂ ಒಮ್ಮೆ ಹಚ್ಚಿದ್ರ ಮ್ಯಾಲಿಂದು ಒಣಗಿ ಒಳಗಿಂದು ಹಸೀನ ಉಳದು ಬೂಸ್ಟು ಹಿಡೀತೈತಿ. ಬಿಸಲಿಗೆ ಇಟ್ಟರೂ ಕೆಡತೈತಿ: ಹೊರಪದರ ಮೊದಲು ಸೆಟಗೊಂಡು ಅಂಚು ಮ್ಯಾಲ ಏಳ್ತೈತಿ, ಆಮ್ಯಾಲ ಮುಖಕ್ಕ ಕೂಡೂದಿಲ್ಲ. ನೆರಳಾಗ, ಗಾಳಿ ಆಡೋ ಕಡೆ, ಅಚ್ಚಿನ ಮ್ಯಾಲ ಇರಬೇಕಾದ್ರನ ಒಣಗಲಿ. ಏಪ್ರಿಲ್ ಕೊನಿಗೆ ಧಾರವಾಡದಾಗ ಸಂಜಿಮುಂದ ಅಡ್ಡಮಳಿ ಬರ್ತೈತಿ, ರಾತ್ರಿ ಒಳಗ ಎತ್ತಿ ಇಡ್ರಿ.

ಕಿವಿ ತೆಳು ರಟ್ಟಿಂದು: ಎತ್ತರ 6, ಬುಡ 4.5 ಸೆಂ.ಮೀ. ಬುಡದಾಗ ಒಂದ ಸೆಂ.ಮೀ. ಸೀಳು ಕೊಟ್ಟು ಒಂದರ ಮ್ಯಾಲ ಒಂದು ಎಳದ್ರ ಕಿವಿ ಕುಳಿ ಬೀಳತೈತಿ. ಕೆಳಗ ಮಡಚೋ ಪಟ್ಟಿ ಬಿಟ್ಟು, ಅದರ ಮ್ಯಾಲ ಮೂರೂ ಪದರ ಹಾಯಬೇಕು. ಕಿವಿ ಕಿತ್ತು ಬರೂದು ಯಾವಾಗಲೂ ಈ ಬುಡದಾಗ.

ಬಣ್ಣದ ಬುಟ್ಟಿ (ಧಾರವಾಡ)

ತುಂಬಾ ಉಪಯೋಗ ಆಯ್ತು, ಇಬ್ಬರಿಗೂ ಧನ್ಯವಾದ. ಬಿಳಿ ಲೇಪದ ಬಗ್ಗೆ ಇನ್ನೊಂದಿಷ್ಟು ಬೇಕು. ಮಾದರಿಗೆ ಬಳಿದ ಲೇಪ ಒಣಗಿದ ಮೇಲೆ ಬಿರುಕು ಬಿಟ್ಟು ಚಕ್ಕೆ ಏಳುತ್ತಿದೆ. ಅಂಟು ಹೆಚ್ಚಾಗಿದ್ದಕ್ಕೋ ಕಡಿಮೆಯಾಗಿದ್ದಕ್ಕೋ ಗೊತ್ತಾಗುತ್ತಿಲ್ಲ. ಕೆಲವು ಮಕ್ಕಳ ಮನೆಯವರಿಗೆ ಪ್ರಾಣಿಯ ಚರ್ಮದಿಂದ ತೆಗೆದ ಅಂಟು ನಡೆಯುವುದಿಲ್ಲ ಅನ್ನುವುದನ್ನೂ ಗಮನದಲ್ಲಿಡಿ.

ಗದಗಿನ ಗೊಂಬಿ (ಗದಗ)

ಚಕ್ಕಿ ಏಳೂದು ಅಂಟು ಹೆಚ್ಚಾದಾಗರಿ. ಅಂಟು ಕಡಿಮಿ ಆದ್ರ ಬಿರುಕು ಬಿಡೂದಿಲ್ಲ, ಕೈಗೆ ಪುಡಿ ಹತ್ತತೈತಿ. ಈ ಎರಡು ಗುರುತು ನೆನಪಿಟ್ರ ಸಾಕು.

ಅಲ್ಲಿ ಬಳಸೋ ಬಿಳಿಗೆ ಗೊಫುನ್ ಅಂತಾರ. ಆಯ್‌ಸ್ಟರ್ ಚಿಪ್ಪು ವರ್ಷಗಟ್ಟಲೆ ಬಿಸಲು ಮಳಿಗೆ ಬಿಟ್ಟು, ಅರದು, ನೀರಾಗ ತೇಲಿಸಿ ತಗದ ಪುಡಿ. ಅದನ್ನ ನಿಕಾವ ಅನ್ನೋ ಚರ್ಮದ ಅಂಟಿನ್ಯಾಗ ನಾದಿ, ಉಂಡಿ ಮಾಡಿ, ಬಟ್ಟಲಕ್ಕ ನೂರು ಸಲ ತಟ್ಟಿ ತಟ್ಟಿ ಗಾಳಿ ತಗದು, ಆಮ್ಯಾಲ ನೀರಾಗ ಕರಗಸ್ತಾರ. ನೋ ಅನ್ನೋ ಹಳೇ ಜಪಾನಿ ನಾಟಕದ ಕಟಗಿ ಮುಖವಾಡಕ್ಕೂ ಇದ, ಗೊಂಬಿಗೂ ಇದ. ಒಳಗಿರೋದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರ ನಮ್ಮ ಬಣ್ಣದಂಗಡ್ಯಾಗ ಪುಟ್ಟಿಗೆ ಅಂತ ಮಾರೋ ಚಾಕ್ ಪೌಡರಿನ ಜಾತಿನ. ಚಿಪ್ಪಿನ ಮಿಂಚು ಇದರಾಗ ಬರೂದಿಲ್ಲ, ಕೆಲಸಕ್ಕ ಕೊರತಿ ಇಲ್ಲ.

ಇವು ಬ್ಯಾಡ: ಸುಣ್ಣ ಬ್ಯಾಡ, ಮಕ್ಕಳ ಕಣ್ಣಿಗೆ ಹಾರಿದ್ರ ಸುಡತೈತಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬ್ಯಾಡ, ಬಟ್ಟಲದಾಗನ ಗಟ್ಟಿ ಆಗ್ತೈತಿ. ಗ್ವಾಡಿಗೆ ಹಚ್ಚೋ ಸಿಮೆಂಟಿನ ಪುಟ್ಟಿ ಬ್ಯಾಡ. ರಂಗೋಲಿ ಪುಡಿ ದಪ್ಪ, ಎಷ್ಟು ಉಜ್ಜಿದ್ರೂ ನುಣುಪು ಬರೂದಿಲ್ಲ.

ಸರೇಸು (ಚರ್ಮದ ಅಂಟು) ನಡೀತೈತಿ ಅನ್ನೋವ್ರಿಗೆ: 100 ಗ್ರಾಂ ಸರೇಸು ಒಂದ ಲೀಟರ್ ನೀರಾಗ ರಾತ್ರಿ ನೆನಸಿ, ಬಿಸಿನೀರಿನ ಪಾತ್ರಿಯೊಳಗ ಇನ್ನೊಂದು ಪಾತ್ರಿ ಇಟ್ಟು ಕರಗಸ್ರಿ. ಕುದ್ದರ ಅಂಟಿನ ಶಕ್ತಿ ಹೋಗ್ತೈತಿ, 60 ಡಿಗ್ರಿ ದಾಟಬಾರದು. ಇದಕ್ಕ ಒಂದ ಕಿಲೊ ಚಾಕ್ ಪೌಡರ್ ಜರಡಿ ಹಿಡದು ಉದರಿಸಿ, 24 ಮುಖವಾಡಕ್ಕ ಮೂರು ಕೋಟಿಂಗ್ ಬರ್ತೈತಿ. ಮೊದಲು ಲೇಪಕ್ಕಿಂತ ಮುಂಚೆ ಬರೇ ಅಂಟಿನ ನೀರು ಒಂದ ಸಲ ಬಳೀರಿ, ಇಲ್ಲಂದ್ರ ಕಾಗದ ಲೇಪದಾಗಿನ ಅಂಟೆಲ್ಲಾ ಕುಡದು ಬಿಡತೈತಿ. ಮ್ಯಾಲಿನ ಪದರ ಕೆಳಗಿಂದಕ್ಕಿಂತ ಗಟ್ಟಿ ಇರಬಾರದು. ಎರಡನೇದಕ್ಕ, ಮೂರನೇದಕ್ಕ ಒಂದೊಂದ ಚೂರು ನೀರು ಹೆಚ್ಚು ಮಾಡ್ರಿ. ಮ್ಯಾಲಿಂದು ಬಿರುಸಾದ್ರ ಒಣಗೋ ಮುಂದ ಕೆಳಗಿಂದನ್ನ ಎಳೀತೈತಿ, ಬಿರುಕು ಹುಟ್ಟೂದು ಅಲ್ಲೇ.

ಸರೇಸು ಬ್ಯಾಡ ಅಂದ್ರ ಫೆವಿಕಾಲ್ 1, ನೀರು 2, ಚಾಕ್ ಪೌಡರ್ ದೋಸಿ ಹಿಟ್ಟಿನ ಹದಕ್ಕ ಬರೋವಷ್ಟು. ಶಿಬಿರಕ್ಕ ನಾ ಇದನ್ನ ಹೇಳ್ತೇನ್ರಿ, ಕಾಯಸೋ ತಾಪತ್ರಯ ಇಲ್ಲ, ಮಕ್ಕಳು ಕೆಳಗ ಕೆಡವಿದ್ರೂ ಲಗೂನ ಸೀಳೂದಿಲ್ಲ. ಒಂದ ಕೊರತಿ ಐತಿ: ಪೂರಾ ಒಣಗಿದ ಮ್ಯಾಲ ಒದ್ದಿ ಅರಿವಿಯಿಂದ ನುಣುಪು ಮಾಡಾಕ ಬರೂದಿಲ್ಲ, 220 ನಂಬರಿನ ಪಾಲಿಶ್ ಪೇಪರ್ ಹಚ್ಚಿ ಉಜ್ಜಬೇಕು. ಉಜ್ಜೋ ಮುಂದ ಎಲ್ಲಾರೂ ಮೂಗಿಗೆ ಅರಿವಿ ಕಟ್ಟಗೋರಿ. ಜಾಲಿ ಅಂಟು ಬಳಸಬ್ಯಾಡ್ರಿ, ಒಣಗಿದ ಮ್ಯಾಲ ಪೆಡಸಾಗಿ ಸಿಡೀತೈತಿ.

ಸೂಜಿ ಮೊನಿಯಂಥಾ ತೂತು ಬಿದ್ರ ಅದು ಗಾಳಿ. ಪುಡಿ ಜೋರಾಗಿ ತಿರುವಿದ್ದಕ್ಕ ಬಂದಿರ್ತೈತಿ. ಲೇಪ ಹಸಿ ಇರಬೇಕಾದ್ರ ಬೆರಳಿಂದ ತಿಕ್ಕಿ ಮುಚ್ಚರಿ, ಮ್ಯಾಲ ಮತ್ತೊಂದು ಕೋಟಿಂಗ್ ಹೊಡದ್ರ ಮುಚ್ಚೂದಿಲ್ಲ.

ಹುಬ್ಬು, ಮೂಗಿನ ದಿಂಡು ಎತ್ತಿ ತೋರಸಬೇಕಾದ್ರ ನಮ್ಮ ಕಡೆ ಒಂದು ಒಳ್ಳೇ ಉಪಾಯ ಐತಿ. ಕೊಪ್ಪಳ ಜಿಲ್ಲಾದ ಕಿನ್ನಾಳದ ಚಿತ್ರಗಾರರು ಗೊಂಬಿಗೆ ಕಿಟ್ಟ ಅಂತ ಮಾಡ್ತಾರ. ಗೋಣಿತಾಟಿನ ಚೂರು ನೆನಸಿ ಒಣಗಿಸಿ ಪುಡಿ ಮಾಡಿ, ಕಟಗಿ ಹೊಟ್ಟು ಕೂಡಿಸಿ, ಹುಣಚಿಬೀಜದ ಅಂಟಿನ್ಯಾಗ ಕಲಸೋದು. ಅದನ್ನ ಒಂದು ಎಳಿ ಹೊಸದು ಹುಬ್ಬಿನ ಮ್ಯಾಲ ಕೂಡಿಸಿ ಒದ್ದಿ ಬೆರಳಿಂದ ಅಂಚು ಸವರಿದ್ರ ಕಾಗದಕ್ಕ ಗಟ್ಟಿ ಹಿಡೀತೈತಿ. ಬಿಳಿ ಲೇಪಕ್ಕಿಂತ ಮೊದಲ ಮಾಡಬೇಕು.

ಕುಂಬಾರ ಓಣಿ (ಹಾವೇರಿ)

ಅಕ್ಕೋರೆ, ತನುಕಿಗೆ ಭಟ್ಟಿ ಬೇಡ. ಕುಂಬಾರರಲ್ಲಿ ಸುಟ್ಟ ಕುಡಿಕೆ ತಗೊಳ್ಳಿ. ಹೊಟ್ಟೆಗೆ ಸುಮಾರು 12 ಸೆಂ.ಮೀ. ಅಗಲದ್ದು, ತಲೆಗೆ 8 ಸೆಂ.ಮೀ.ದು. ಹೊಟ್ಟೆಯ ಕುಡಿಕೆಯನ್ನು ಬೋರಲು ಹಾಕಿ, ಅದರ ತಳದ ಮೇಲೆ ಸಣ್ಣದನ್ನು ಬೋರಲು ಕೂಡಿಸಿ, ನಡುವೆ ಕಾಗದದ ಬಳೆ ಇಟ್ಟು ಕಿಟ್ಟದಿಂದ ಮೆತ್ತಿ. ಮೇಲೆ ಮೂರು ಪದರ ಕಾಗದ. ಕೈ, ಕಾಲು, ಬಾಲ ಸುತ್ತಿದ ಪೇಪರಿನವು. ಕಂಠ ಕೆಳಗೆ ಬರುವುದರಿಂದ ಗೊಂಬೆ ಅಲ್ಲಾಡದೆ ಕೂರುತ್ತದೆ. ನಾಲ್ಕು ಗುಂಪಿಗೆ ನಾಲ್ಕು ಜೊತೆ ಕುಡಿಕೆ, ಒಡೆಯುವುದಕ್ಕೆ ಒಂದು ಜೊತೆ ಹೆಚ್ಚು ತನ್ನಿ.

ಹಸಿಮಣ್ಣಿನಲ್ಲೇ ಮಾಡಿಸುವ ಆಸೆ ಇದ್ದರೆ ಒಳಗೆ ಟೊಳ್ಳು ಬಿಡಬೇಕು, ಗೋಡೆ 6ರಿಂದ 8 ಮಿ.ಮೀ. ಎಲ್ಲೆಡೆ ಒಂದೇ ದಪ್ಪ, ತಳದಲ್ಲಿ ಪೆನ್ಸಿಲ್ ದಪ್ಪದ ತೂತು. ಗಟ್ಟಿ ಉಂಡೆಯಾಗಿ ಮಾಡಿದರೆ ಒಳಗಿನ ತೇವ ಆವಿಯಾಗಿ ಆವಿಗೆಯಲ್ಲಿ ಸಿಡಿಯುತ್ತದೆ, ಪಕ್ಕದ ಗಡಿಗೆಗಳನ್ನೂ ಒಡೆಯುತ್ತದೆ. ನೆರಳಿನಲ್ಲಿ ವಾರ ಹತ್ತು ದಿನ ಒಣಗಬೇಕು. ನಿಮ್ಮ ನಾಲ್ಕು ತರಗತಿಯಲ್ಲಿ ಅದು ಆಗುವ ಮಾತಲ್ಲ.

ಈಗ ನಾವು ಕಾಣುವ, ಟೋಪಿ ಹಾಕಿ ನಿಂತ ತನುಕಿಯ ಊರು ಶಿಗಾ ಪ್ರಾಂತ್ಯದ ಶಿಗರಾಕಿ. ಅಲ್ಲಿನ ಮಣ್ಣಿನಲ್ಲಿ ಬಿಳಿ ಕಲ್ಲಿನ ಕಾಳು ಸೇರಿರುತ್ತವೆ, 1200 ಡಿಗ್ರಿಗೂ ಮೇಲೆ ಸುಡುತ್ತಾರೆ, ಆಗ ಆ ಕಾಳು ಮೈಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತವೆ. 1951ರಲ್ಲಿ ಶೋವಾ (ಹಿರೋಹಿತೊ) ಚಕ್ರವರ್ತಿ ಅಲ್ಲಿಗೆ ಬಂದಾಗ ದಾರಿಯುದ್ದ ತನುಕಿಗಳ ಕೈಗೆ ಬಾವುಟ ಕೊಟ್ಟು ನಿಲ್ಲಿಸಿದ್ದರು. ಅವರು ಅದರ ಮೇಲೆ ಪದ್ಯವನ್ನೂ ಬರೆದರು. ದೇಶಕ್ಕೆಲ್ಲಾ ಈ ಗೊಂಬೆ ಗೊತ್ತಾದದ್ದು ಆಮೇಲೆ. ಅಂಗಡಿ, ಊಟದ ಹೋಟೆಲ್‌ಗಳ ಬಾಗಿಲಲ್ಲಿ ಇಡುತ್ತಾರೆ.

ಗೊಂಬೆಯ ಮೇಲೆ ಎಂಟು ಶುಭಲಕ್ಷಣ ಎಣಿಸುತ್ತಾರೆ. ಬಿದಿರಿನ ಟೋಪಿ ಆಪತ್ತಿಗೆ ಅಡ್ಡ, ದೊಡ್ಡ ಕಣ್ಣು ಸುತ್ತಲಿನ ಎಚ್ಚರಕ್ಕೆ, ನಗುಮುಖ ಗಿರಾಕಿಗಳಿಗೆ. ಒಂದು ಕೈಯಲ್ಲಿ ಮದ್ಯದ ಸೀಸೆ, ಇನ್ನೊಂದರಲ್ಲಿ ಉದ್ರಿ ಲೆಕ್ಕದ ಪುಸ್ತಕ, ಅದು ನಂಬಿಕೆಯ ಗುರುತು. ದೊಡ್ಡ ಹೊಟ್ಟೆ ಸಮಾಧಾನ ಮತ್ತು ಧೈರ್ಯಕ್ಕೆ, ದಪ್ಪ ಬಾಲ ಹಿಡಿದ ಕೆಲಸ ಗಟ್ಟಿಯಾಗಿ ಮುಗಿಸುವುದಕ್ಕೆ. ಎಂಟನೆಯದು ದೊಡ್ಡ ವೃಷಣ, ದುಡ್ಡಿನ ಅದೃಷ್ಟದ ಗುರುತು. ಬಂಗಾರದ ತಗಡು ಬಡಿಯುವವರು ತನುಕಿಯ ಚರ್ಮದಲ್ಲಿ ಬಂಗಾರ ಸುತ್ತಿ ಬಡಿಯುತ್ತಿದ್ದುದರಿಂದ ಇದು ಬಂತು ಎನ್ನುತ್ತಾರೆ. ಮಕ್ಕಳ ಶಿಬಿರದಲ್ಲಿ ಕುಡಿಕೆಯ ಹೊಟ್ಟೆಯೇ ಮುಂದೆ ಬರುವುದರಿಂದ ಅದನ್ನು ಮಾಡಿಸುವ ಅಗತ್ಯ ಬೀಳುವುದಿಲ್ಲ, ಮಗು ಕೇಳಿದರೆ ಇದ್ದದ್ದನ್ನು ನೇರವಾಗಿ ಹೇಳಿ. ಸೀಸೆ ಬೇಡ ಅನಿಸಿದರೆ ಚಹಾ ಪಾತ್ರೆ ಕೊಡಬಹುದು, ಕಥೆಗೂ ಹೊಂದುತ್ತದೆ.

ಪರದೆ ಹಿಂದೆ (ಧಾರವಾಡ)

ನರಿಬಾಲ ಅವರ ಮಾಹಿತಿ ಚೆನ್ನಾಗಿದೆ, ಆದರೆ ಎರಡು ವಂಶವನ್ನು ಅಷ್ಟು ಖಡಾಖಂಡಿತವಾಗಿ ಬೇರೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಟೋಕಿಯೋದ ಓಜಿ ಇನಾರಿ ಗುಡಿಯ ಐತಿಹ್ಯ ನೋಡಿ. ವರ್ಷದ ಕೊನೆಯ ರಾತ್ರಿ ಸುತ್ತಲಿನ ಪ್ರಾಂತ್ಯಗಳ ನರಿಗಳೆಲ್ಲ ಒಂದು ದೊಡ್ಡ ಮರದ ಕೆಳಗೆ ಸೇರಿ, ಆಸ್ಥಾನದ ಉಡುಪಿಗೆ ರೂಪ ಬದಲಿಸಿ, ದೇವರ ದರ್ಶನಕ್ಕೆ ಹೋಗುತ್ತವೆ. ಅವುಗಳ ಬಾಯಿಯ ಬೆಂಕಿ ಎಷ್ಟು ಕಂಡಿತು ಎಂದು ಎಣಿಸಿ ರೈತರು ಮುಂದಿನ ಬೆಳೆ ಅಂದಾಜು ಮಾಡುತ್ತಿದ್ದರು. ಚಿತ್ರಕಾರ ಹಿರೋಶಿಗೆ 1857ರಲ್ಲಿ ಈ ದೃಶ್ಯವನ್ನು ಮರದಚ್ಚಿನ ಚಿತ್ರ ಮಾಡಿದ್ದಾನೆ. ಇಲ್ಲಿ ವೇಷ ಬದಲಿಸುವ ನರಿಯೂ ಇನಾರಿಯ ನರಿಯೂ ಒಂದೇ. ಹಾಗಾಗಿ 24 ಮಕ್ಕಳೂ ಬಿಳಿ ಮುಖವಾಡ ಮಾಡಲಿ, ಆಟಕ್ಕೆ ಓಜಿಯ ಮೆರವಣಿಗೆ ತಗೊಳ್ಳಿ. ಎಲ್ಲರಿಗೂ ಪಾತ್ರ ಸಿಗುತ್ತದೆ, ಮಾತು ಕಲಿಸುವ ಕೆಲಸ ಕಡಿಮೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ನರಿ ಮದುವೆ ಎಂದು ಜಪಾನಿನಲ್ಲೂ ಹೇಳುತ್ತಾರೆ. ನಮ್ಮ ಮಕ್ಕಳಿಗೆ ಕಾಗೆ ನರಿ ಮದುವೆ ಗೊತ್ತೇ ಇರುತ್ತದೆ, ಅಲ್ಲಿಂದ ಶುರು ಮಾಡಿ.

ರಂಗದ ಮೇಲೆ ವೇಷ ಬದಲಿಸುವುದಕ್ಕೆ ಕ್ಯೋಗೆನ್ ಎಂಬ ಜಪಾನಿನ ನಗೆನಾಟಕದ 'ತ್ಸುರಿಗಿತ್ಸುನೆ'ಯಿಂದ ಕಲಿಯಬಹುದು. ಮುದಿ ನರಿಯೊಂದು ಸನ್ಯಾಸಿಯ ವೇಷದಲ್ಲಿ ಬಂದು ಬೇಟೆಗಾರನಿಗೆ ನರಿ ಹಿಡಿಯಬೇಡ ಎಂದು ಬುದ್ಧಿ ಹೇಳುತ್ತದೆ. ಮರಳುವಾಗ ಬೋನಿನಲ್ಲಿಟ್ಟ ಇಲಿಯ ವಾಸನೆ ಅದನ್ನು ಸೆಳೆಯುತ್ತದೆ. ನಟ ಸನ್ಯಾಸಿಯ ಉಡುಪಿನ ಕೆಳಗೇ ನರಿಯ ಉಡುಪು ಹಾಕಿರುತ್ತಾನೆ. ಕೋತಿಯಿಂದ ಶುರುಮಾಡಿ ನರಿಯಲ್ಲಿ ಮುಗಿಸು ಎಂದು ಕ್ಯೋಗೆನ್ ನಟರ ತರಬೇತಿಯ ಮಾತೇ ಇದೆ, ಅಷ್ಟು ಕಠಿಣ ಪಾತ್ರ. ನಿಮ್ಮ ಮಕ್ಕಳೂ ನರಿಯ ಬಾಲವನ್ನು ಮೊದಲೇ ಸೊಂಟಕ್ಕೆ ಕಟ್ಟಿ, ಮೇಲೆ ಟವೆಲ್ ಹೊದ್ದು ಬರಲಿ. ಹಿಂದೆ ತಿರುಗಿ ಟವೆಲ್ ಬಿಡುವುದು, ಮುಖವಾಡ ಇಳಿಸುವುದು, ಮುಂದೆ ತಿರುಗುವುದು. ಮೂರು ಎಣಿಕೆಯಲ್ಲಿ ಮುಗಿಯಬೇಕು.

ಇದಕ್ಕೆ ಲಾಡಿ ಕಟ್ಟಿದರೆ ಗಂಟು ಬಿಚ್ಚುವುದರಲ್ಲೇ ಸಮಯ ಹೋಗುತ್ತದೆ. ಒಂದು ಸೆಂ.ಮೀ. ಅಗಲದ ಇಲ್ಯಾಸ್ಟಿಕ್ ಹಾಕಿ. ಕೆಂಪು ಬಿಳಿ ಹುರಿ, ಸಣ್ಣ ಗೆಜ್ಜೆಯನ್ನು ಕಿವಿಯ ಪಕ್ಕ ಅಲಂಕಾರಕ್ಕೆ ಇಳಿಬಿಡಿ. ಬಾಯಿ ಮುಚ್ಚುವ ಮುಖವಾಡದಲ್ಲಿ ಮಾತು ಸಭೆಗೆ ಕೇಳುವುದಿಲ್ಲ. ಮಾತಿರುವ ಎರಡು ಮೂರು ಮಕ್ಕಳಿಗೆ ಮೇಲ್ದವಡೆಗೆ ನಿಲ್ಲಿಸಿ ಅರ್ಧ ಮುಖವಾಡ ಕತ್ತರಿಸಿಕೊಡಿ, ಅದೂ ಅಲ್ಲಿ ರೂಢಿಯಲ್ಲಿರುವ ಮಾದರಿಯೇ.

ನರಿಬಾಲ (ಹುಬ್ಬಳ್ಳಿ)

ಓಜಿಯ ಮಾತು ಒಪ್ಪಿದೆ. ಮೆರವಣಿಗೆಗೆ ಎಲ್ಲರೂ ಬಿಳಿಯೇ ಇರಲಿ. ಕುಜುನೊಹಾ ಅಥವಾ ಮೋಸದ ಕಥೆ ಆಡಿದರೆ ಮಾತ್ರ ನನ್ನ ವಿಂಗಡಣೆ ಇಟ್ಟುಕೊಳ್ಳಿ. ಒಂದು ಸೇರಿಸುತ್ತೇನೆ: ಈಗ ಮಾರುಕಟ್ಟೆಯ ನರಿ ಮುಖವಾಡಗಳ ಮೇಲೆ ಚೆರಿ ಹೂ, ನೀಲಿ ನೇರಳೆ ಬಳ್ಳಿ ತುಂಬಿರುತ್ತವೆ. ಅವು ಇತ್ತೀಚಿನ ಕಾರ್ಟೂನ್, ಆಟಗಳ ಪ್ರಭಾವ. ಹಳೆಯ ಕ್ರಮದಲ್ಲಿ ಬಿಳಿ, ಕೆಂಪು, ಕಪ್ಪು, ಬಂಗಾರ ಇಷ್ಟೇ. ಹಣೆಯ ಮೇಲೆ ಏನಾದರೂ ಬೇಕೆಂದರೆ ಜ್ವಾಲೆಯ ಆಕಾರದ ಮಣಿ ಬರೆಯಿಸಿ, ಅದು ಇನಾರಿಯ ನರಿ ಬಾಯಲ್ಲಿ ಹಿಡಿದ ಮಣಿಯೇ.

ಗದಗಿನ ಗೊಂಬಿ (ಗದಗ)

ಬಣ್ಣದ್ದೂ ಹೇಳಿ ಬಿಡ್ತೇನ್ರಿ. ಪೋಸ್ಟರ್ ಕಲರ್ ನೇರ ಹಚ್ಚಿದ್ರ ವಾರ್ನಿಶ್ ಬಳಿಯೋ ಮುಂದ ಕೆಂಪು ಕರಗಿ ಬಿಳಿ ಮ್ಯಾಲ ಹರೀತೈತಿ. ಅಕ್ರಿಲಿಕ್ ಬಳಸ್ರಿ, ಇಲ್ಲಾ ಪೋಸ್ಟರ್ ಕಲರಿನ ನಾಲ್ಕು ಪಾಲಿಗೆ ಫೆವಿಕಾಲ್ ಒಂದ ಪಾಲು ಬೆರಸ್ರಿ. ಮೊದಲು ಕೆಂಪು: ಕಿವಿ ಒಳಗ, ಕಣ್ಣಿನ ಸುತ್ತ, ಮೂಗಿನ ತುದಿ, ಬಾಯಿಗೆರಿ. ಆಮ್ಯಾಲ ಕಣ್ಣಿಗೆ ಬಂಗಾರ. ಕಪ್ಪು ಕಡೀಕ, ಯಾಕಂದ್ರ ಕೆಂಪಿನ ಓರಿಕೋರಿ ಅಂಚನ್ನ ಅದ ಮುಚ್ಚಬೇಕು. ಮೀಸಿ ಗೆರಿ ಒಂದೊಂದ ಗಲ್ಲಕ್ಕ ಮೂರು, ಮೂಗಿನಿಂದ ಹೊರಗ ಒಂದ ಎಳಿತದಾಗ. ಮೊದಲು ರದ್ದಿ ಮ್ಯಾಲ ಹತ್ತು ಸಲ ಎಳೀಲಿ. ಮುಖವಾಡದ ಮ್ಯಾಲ ತಿದ್ದಾಕ ಹೋದ್ರ ಗೆರಿ ದಪ್ಪ ಆಗ್ತೈತಿ.

ಕಣ್ಣಿನ ಹೊರತುದಿ ಒಳತುದಿಗಿಂತ 8 ಮಿ.ಮೀ. ಮ್ಯಾಲ ಇರಲಿ, ನರಿಯ ನೋಟ ಬರೂದು ಆ ಓರಿಯಿಂದ. ನೋಡೋ ತೂತು ಬರದ ಕಣ್ಣಿನ ಕೆಳಗಿನ ಅರ್ಧದಾಗ, ಅಗಲ 2 ಸೆಂ.ಮೀ. ಈ ವಯಸ್ಸಿನ ಮಕ್ಕಳ ಎರಡು ಕಣ್ಣಪಾಪಿ ನಡುವ ಐದೂವರಿ ಸೆಂ.ಮೀ. ಆಸುಪಾಸು ಇರ್ತೈತಿ, ಆದರೂ ಒಬ್ಬೊಬ್ಬರಿಗೂ ಪಟ್ಟಿ ಹಿಡದು ಅಳೀರಿ. ಬಿಳಿ ಲೇಪಕ್ಕಿಂತ ಮೊದಲ ದೊಡ್ಡವರು ಕಟರಿಂದ ಕೊರೀಬೇಕು. ಲೇಪದ ಮ್ಯಾಲ ಕೊರದ್ರ ಅಂಚಿನ ಬಿಳಿ ಸಿಡೀತೈತಿ.

ಇಲ್ಯಾಸ್ಟಿಕ್ಕಿನ ತೂತು ಕಣ್ಣಿನ ಮಟ್ಟಕ್ಕಿಂತ ಒಂದ ಸೆಂ.ಮೀ. ಮ್ಯಾಲ, ಅಂಚಿನಿಂದ ಒಂದ ಸೆಂ.ಮೀ. ಒಳಗ. ಕೆಳಗ ಮಾಡಿದ್ರ ಮೂತಿಯ ಭಾರಕ್ಕ ಮುಖವಾಡ ಮುಂದ ವಾಲತೈತಿ, ಕೂಸಿಗೆ ನೆಲ ಬಿಟ್ಟು ಏನೂ ಕಾಣೂದಿಲ್ಲ. ಒಳಗಡೆ ತೂತಿನ ಜಾಗಕ್ಕ ಎರಡು ಸೆಂ.ಮೀ. ಖಾದಿ ಅರಿವಿ ತುಂಡು ಅಂಟಿಸಿ ಆಮ್ಯಾಲ ದಬ್ಬಣದಿಂದ ತೂತು ಹೊಡೀರಿ. ಹಣಿಗೆ, ಮೂಗಿನ ಎರಡೂ ಬದಿಗೆ ಸ್ಪಂಜಿನ ತುಂಡು ಹಚ್ಚಿದ್ರ ಬೆವರು ಕಾಗದಕ್ಕ ಹತ್ತೂದಿಲ್ಲ, ಉಸರಾಡಾಕೂ ಜಾಗ ಸಿಗತೈತಿ.